ಕೇಳುವುದೂ ಕಿವಿಯಲ್ಲೇ, ನೋಡುವುದೂ ಕಿವಿಯಲ್ಲೇ

(ದೃಷ್ಟಿಯಿಲ್ಲದ ಸಂಗೀತಗಾರರಿಗೆ ಮತ್ತು ಅವರಿಗೆ ಕಲಿಸುವವರಿಗೆ ಏರ್ಪಡಿಸಿದ್ದ ಕಾರ್ಯಾಗಾರವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೇಳಿಸಿದ ತುಣುಕುಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಹಾಡಿನ ತುಣುಕು ಕೇಳಿ. ಅರ್ಧ ನಿಮಿಷ ಅಷ್ಟೇ.

ಕೇಳಿಸಿತಲ್ವಾ? ನಗಬೇಡಿ. ಹಾಡು ಚೆನ್ನಾಗಿಯೇ ಹೋಗುತ್ತಿತ್ತು. ಎರಡನೇ ಸಾಲಿನ ಕೊನೆಯ ಸ್ವರವನ್ನು ಎಳೆದು ನಿಲ್ಲಿಸಿದ್ದೆ. ಸರಿಯಾಗಿ ಅಲ್ಲೇ ಒಬ್ಬ ಬಂದು, 'ಬ್ಯಾಟರಿ ಟ್ವೆಂಟಿ ಪರ್ಸೆಂಟ್' ಅಂದ. ಅವನು ನನ್ನ ಸ್ಕ್ರೀನ್ ರೀಡರ್, ಪರದೆಯಲ್ಲಿರುವುದನ್ನು ಮಾತಿನಲ್ಲಿ ಹೇಳುವ ಸಾಫ್ಟ್‌ವೇರ್. ನಾನು ಸ್ಪೀಕರ್ ಹಾಕಿಕೊಂಡು ಹಾಡುತ್ತಿದ್ದೆ, ಮೈಕು ಇಬ್ಬರನ್ನೂ ಹಿಡಿದುಕೊಂಡಿತು. ಇದು ನನ್ನ ಮೊದಲ ರೆಕಾರ್ಡಿಂಗ್.

ಇವತ್ತು ನಾನು ಹೇಳಬೇಕಾಗಿರುವ ವಿಷಯ ಈ ಅರ್ಧ ನಿಮಿಷದಲ್ಲೇ ಇದೆ. ಕಣ್ಣು ಕಾಣುವವರು ರೆಕಾರ್ಡ್ ಮಾಡುವಾಗ ಕಣ್ಣಿಗೊಂದು ಕೆಲಸ, ಕಿವಿಗೊಂದು ಕೆಲಸ. ಮೀಟರ್, ಗಡಿಯಾರ, ಅಲೆಯ ಚಿತ್ರ ಎಲ್ಲ ಕಣ್ಣಿಗೆ. ಸಂಗೀತ ಕಿವಿಗೆ. ನಮಗೆ ಎರಡೂ ಕಿವಿಯಲ್ಲೇ ಆಗಬೇಕು. ಕಂಪ್ಯೂಟರ್ ಹೇಳುವುದನ್ನೂ ಕೇಳಬೇಕು, ತಂತಿ ಸ್ವಲ್ಪ ಶ್ರುತಿ ಬಿಟ್ಟಿದೆಯಾ ಅನ್ನುವುದನ್ನೂ ಕೇಳಬೇಕು. ಕಿವಿ ಎರಡಿವೆ ನಿಜ, ಗಮನ ಒಂದೇ. ಸಾಫ್ಟ್‌ವೇರ್ ಕಲಿಯುವುದು ಅಂದರೆ ಮುಕ್ಕಾಲು ಪಾಲು ಈ ಜಗಳ ಬಿಡಿಸುವುದನ್ನು ಕಲಿಯುವುದು.

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆದುಬಿಡೋಣ. ಸ್ಕ್ರೀನ್ ರೀಡರ್ ಪರದೆಯನ್ನು ಓದುತ್ತದೆ ಅಂದುಕೊಂಡಿದ್ದೇವೆ. ಹೆಸರೇ ಹಾಗಿದೆ. ನಿಜಕ್ಕೂ ಅದು ಸಾಫ್ಟ್‌ವೇರನ್ನು ಕೇಳುತ್ತದೆ: 'ಈಗ ನಾನಿರುವುದು ಯಾವುದರ ಮೇಲೆ? ಅದರ ಹೆಸರೇನು? ಅದು ಬಟನ್ನಾ, ಪಟ್ಟಿಯಾ? ಈಗ ಅದು ಎಷ್ಟರಲ್ಲಿದೆ?' ಸಾಫ್ಟ್‌ವೇರ್ ಉತ್ತರ ಕೊಟ್ಟರೆ ನಮಗೆ ಮಾತು ಕೇಳುತ್ತದೆ. ಕೊಡದಿದ್ದರೆ ಮೌನ. ಸಂಗೀತದ ಸಾಫ್ಟ್‌ವೇರ್‌ಗಳಿಗೆ ಇಲ್ಲೊಂದು ಕೆಟ್ಟ ಚಾಳಿ ಇದೆ. ಹಳೆಯ ಸ್ಟುಡಿಯೋ ಯಂತ್ರದ ಹಾಗೆ ಕಾಣಬೇಕು ಅಂತ ತಿರುಗುಣಿ, ಸೂಜಿ, ಮರದ ಚೌಕಟ್ಟು ಎಲ್ಲವನ್ನೂ ಚಿತ್ರವಾಗಿ ಬರೆದಿರುತ್ತಾರೆ. ನೋಡಲು ಬಲು ಚೆಂದವಂತೆ. ಸ್ಕ್ರೀನ್ ರೀಡರ್ ಕೇಳಿದರೆ ಬರುವ ಉತ್ತರ ಒಂದೇ: 'ವಿಂಡೋ'. ಒಳಗೆ ನಲವತ್ತು ತಿರುಗುಣಿ ಇದ್ದರೂ ನಮ್ಮ ಪಾಲಿಗೆ ಅದು ಬಾಗಿಲು, ಕಿಟಕಿ ಯಾವುದೂ ಇಲ್ಲದ ಗೋಡೆ.

ಹಾಗಾಗಿ ಒಳ್ಳೆಯ ಸಾಫ್ಟ್‌ವೇರ್ ಯಾವುದು ಅಂತ ಕೇಳುವ ಮೊದಲು ಮಾತಾಡುವ ಸಾಫ್ಟ್‌ವೇರ್ ಯಾವುದು ಅಂತ ಕೇಳಬೇಕು. ನಾನು ಕಲಿತದ್ದು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ವಿನ್‌ಆಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಶುರುಮಾಡಿದ್ದು. 1.0 ಆವೃತ್ತಿ ಬಂದದ್ದು 2006ರಲ್ಲಿ. 60 ದಿನ ಎಲ್ಲ ಸೌಲಭ್ಯಗಳ ಜೊತೆ ಬಳಸಿ ನೋಡಬಹುದು. ಆದರೆ ನಮಗೆ ಬೇಕಾದದ್ದು ರೀಪರ್ ಒಂದೇ ಅಲ್ಲ, ಅದರ ಜೊತೆಗೆ ಹಾಕಿಕೊಳ್ಳುವ ಒಸಾರ ಅನ್ನುವ ಉಚಿತ ಎಕ್ಸ್‌ಟೆನ್ಷನ್. ಇದನ್ನು ಶುರುಮಾಡಿದವರು ಜೇಮ್ಸ್ ಟೆ. ಎನ್‌ವಿಡಿಎ ಸ್ಕ್ರೀನ್ ರೀಡರ್ ಕಟ್ಟಿದ ಇಬ್ಬರಲ್ಲಿ ಒಬ್ಬರು ಅವರು. ಇನ್ನೊಬ್ಬರು ಮೈಕಲ್ ಕರನ್. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಬಳಸುವವರೇ ಬರೆದದ್ದು ಅನ್ನುವುದು ಮೊದಲ ದಿನವೇ ಗೊತ್ತಾಗುತ್ತದೆ. ಒಂದೊಂದು ಧ್ವನಿಗೂ ವಾದ್ಯಕ್ಕೂ ಇರುವ ಬೇರೆ ಬೇರೆ ಸಾಲೇ ಟ್ರ್ಯಾಕ್. ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಬಾಣದ ಕೀ ಒತ್ತಿ ಹೋದರೆ ಅದರ ಸಂಖ್ಯೆ, ಹೆಸರು, ಮ್ಯೂಟ್ ಆಗಿದೆಯಾ, ರೆಕಾರ್ಡಿಂಗ್‌ಗೆ ಸಿದ್ಧವಾಗಿದೆಯಾ ಎಲ್ಲ ಹೇಳುತ್ತದೆ. ಅನ್‌ಡೂ ಮಾಡಿದರೆ ಯಾವ ಕೆಲಸ ರದ್ದಾಯಿತು ಅಂತಲೂ ಹೇಳುತ್ತದೆ.

ಬೇರೆ ದಾರಿಗಳೂ ಇವೆ. ಬರೀ ಒಂದು ಧ್ವನಿ ಹಿಡಿದು, ಕತ್ತರಿಸಿ, ಕಳಿಸಿದರೆ ಸಾಕು ಅನ್ನುವವರಿಗೆ ಆಡಾಸಿಟಿ ಧಾರಾಳ. ಮ್ಯಾಕ್ ಇದ್ದವರಿಗೆ ಅದರದೇ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಜೊತೆ ಗ್ಯಾರೇಜ್‌ಬ್ಯಾಂಡ್, ಲಾಜಿಕ್ ಇವೆ. ಏಬಲ್‌ಟನ್ ಲೈವ್ ಬಹಳ ವರ್ಷ ನಮಗೆ ಗೋಡೆಯಾಗಿತ್ತು. 2024ರಲ್ಲಿ ಬಂದ 12ನೇ ಆವೃತ್ತಿಯಿಂದ ಅದೂ ಸ್ಕ್ರೀನ್ ರೀಡರ್ ಜೊತೆ ಮಾತಾಡುತ್ತದೆ. ಯಾವುದನ್ನು ಆರಿಸಿಕೊಂಡರೂ ಒಂದನ್ನು ಹಿಡಿದು ಕೂರಿ. ಮೂರನ್ನು ಒಟ್ಟಿಗೆ ಕಲಿಯಲು ಹೋಗಿ ಮೂರರ ಶಾರ್ಟ್‌ಕಟ್‌ಗಳನ್ನೂ ಕಲಸಿಕೊಂಡವನು ನಿಮ್ಮ ಮುಂದೆಯೇ ನಿಂತಿದ್ದಾನೆ.

ಕಲಿಯುವುದು ಹೇಗೆ? ನಾನು ಮೊದಲು ಒಂದು ಆನ್‌ಲೈನ್ ತರಗತಿಗೆ ಸೇರಿದೆ. ಎಲ್ಲಿಯದು ಅಂತ ಹೇಳುವುದಿಲ್ಲ. ಪಾಠ ಹೇಳುವವರು ಒಳ್ಳೆಯವರೇ. ಆದರೆ ಅವರ ಪ್ರತಿ ವಾಕ್ಯವೂ 'ಇದನ್ನು ಹಿಡಿದು ಅಲ್ಲಿಗೆ ಎಳೆಯಿರಿ' ಅಂತ ಇರುತ್ತಿತ್ತು. ಯಾವುದನ್ನು? 'ಆ ನೀಲಿಯದನ್ನು.' ಎಲ್ಲಿಗೆ? 'ಇಲ್ಲಿಗೆ.' ಎರಡು ವಾರ ತಾಳ್ಮೆಯಿಂದ ಕೇಳಿದೆ. ಆಮೇಲೆ ಬಿಟ್ಟೆ.

ನಿಜವಾದ ಮೇಷ್ಟ್ರು ಎಫ್12 ಕೀಯಲ್ಲಿ ಕೂತಿದ್ದಾರೆ. ಒಸಾರ ಹಾಕಿದ ರೀಪರ್‌ನಲ್ಲಿ ಎಫ್12 ಒತ್ತಿದರೆ ಶಾರ್ಟ್‌ಕಟ್ ಸಹಾಯ ಶುರುವಾಗುತ್ತದೆ. ಆಮೇಲೆ ಯಾವ ಕೀ ಒತ್ತಿದರೂ ಕೆಲಸ ನಡೆಯುವುದಿಲ್ಲ, ಆ ಕೀ ಏನು ಮಾಡುತ್ತದೆ ಅಂತ ಮಾತ್ರ ಹೇಳುತ್ತದೆ. ಮತ್ತೆ ಎಫ್12 ಒತ್ತಿದರೆ ಮಾಮೂಲಿ ಸ್ಥಿತಿ. ಮೊದಲ ವಾರ ನಾನು ಒಂದು ಸ್ವರವನ್ನೂ ರೆಕಾರ್ಡ್ ಮಾಡಲಿಲ್ಲ. ಸುಮ್ನೆ ಕೀಬೋರ್ಡ್ ಮೇಲೆ ಬೆರಳಾಡಿಸುತ್ತಾ ಕೇಳಿಸಿಕೊಂಡೆ. ಹೊಸ ಮನೆಗೆ ಬಂದಾಗ ಗೋಡೆ ಸವರಿಕೊಂಡು ಒಮ್ಮೆ ಓಡಾಡುತ್ತೇವಲ್ಲ, ಹಾಗೆ. ಕಂಟ್ರೋಲ್ ಜೊತೆ ಟಿ ಒತ್ತಿದರೆ ಹೊಸ ಟ್ರ್ಯಾಕ್. ಎಫ್5 ಮ್ಯೂಟ್, ಎಫ್6 ಸೋಲೋ (ಅದೊಂದೇ ಟ್ರ್ಯಾಕ್ ಕೇಳಿಸುವುದು), ಎಫ್7 ಆರ್ಮ್, ಎಫ್8 ಮಾನಿಟರ್ (ಒಳಗೆ ಬರುವ ಧ್ವನಿ ನಮಗೂ ಕೇಳಿಸುವುದು). ಸಾಲಾಗಿವೆ, ಬೆರಳಿಗೆ ಬೇಗ ಕೂರುತ್ತವೆ.

ಆರ್ಮ್ ಅನ್ನುವ ಪದದ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಯಾವ ಟ್ರ್ಯಾಕ್‌ಗೆ ಧ್ವನಿ ಹೋಗಬೇಕೋ ಅದನ್ನು ಮೊದಲು ಸಿದ್ಧ ಮಾಡಬೇಕು. ಅದೇ ಆರ್ಮ್. ಕಣ್ಣಿದ್ದವರಿಗೆ ಅಲ್ಲೊಂದು ಕೆಂಪು ದೀಪ ಉರಿಯುತ್ತದೆಯಂತೆ. ಒಂದು ಸಂಜೆ ನಾನು ಒಂದು ಇಡೀ ಹಾಡನ್ನು, ಅದೂ ಹೀಗೆ ಮತ್ತೊಮ್ಮೆ ಬರುವುದಿಲ್ಲ ಅನ್ನುವಷ್ಟು ಚೆನ್ನಾಗಿ ಹಾಡಿದೆ. ಪ್ಲೇ ಮಾಡಿದರೆ ಹಿಂದಿನ ದಿನದ ಗಿಟಾರ್ ಟ್ರ್ಯಾಕ್ ಹೋಗಿ ಅದರ ಜಾಗದಲ್ಲಿ ನನ್ನ ಹಾಡು. ತಪ್ಪು ಟ್ರ್ಯಾಕ್ ಆರ್ಮ್ ಆಗಿತ್ತು. ಗಿಟಾರ್ ಕಳೆದುಹೋಗಿರಲಿಲ್ಲ. ಹೊಸ ರೆಕಾರ್ಡಿಂಗ್ ಹಳೆಯದರ ಮೇಲೆ ಇನ್ನೊಂದು ಟೇಕ್ ಆಗಿ ಕೂತಿತ್ತು. ಆದರೆ ಅದು ಗೊತ್ತಾಗುವ ಹೊತ್ತಿಗೆ ಅರ್ಧ ರಾತ್ರಿ ಕಳೆದಿತ್ತು. ಅವತ್ತಿನಿಂದ ರೆಕಾರ್ಡಿಂಗ್ ಶುರುಮಾಡುವ ಆರ್ ಕೀ ಒತ್ತುವ ಮೊದಲು ಮೇಲೆ ಒಂದು ಬಾಣ, ಕೆಳಗೆ ಒಂದು ಬಾಣ ಒತ್ತಿ 'ಆರ್ಮ್ಡ್' ಅನ್ನುವ ಮಾತು ಕೇಳಿಯೇ ಮುಂದೆ ಹೋಗುತ್ತೇನೆ. ರಸ್ತೆ ದಾಟುವ ಮೊದಲು ಕೋಲು ತಟ್ಟಿ ನೋಡುವ ಹಾಗೆ, ಈಗ ಅದು ತಾನಾಗಿಯೇ ಆಗುತ್ತದೆ.

ಈಗ ಕಿವಿಯ ಜಗಳಕ್ಕೆ ಬರೋಣ. ಇದಕ್ಕೇ ಇವತ್ತು ಜಾಸ್ತಿ ಸಮಯ.

ಮೊದಲ ನಿಯಮ, ಮೈಕು ತೆರೆದಿರುವಾಗ ಸ್ಪೀಕರ್ ಇರಬಾರದು. ಹೆಡ್‌ಫೋನ್ ಮಾತ್ರ, ಅದೂ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು. ಹಿಂಬದಿ ತೆರೆದಿರುವ ಹೆಡ್‌ಫೋನ್ ಹಾಕಿಕೊಂಡರೆ ಸ್ಕ್ರೀನ್ ರೀಡರ್ ಪಿಸುಗುಟ್ಟಿದ್ದೂ ಒಳ್ಳೆಯ ಮೈಕಿಗೆ ಕೇಳುತ್ತದೆ.

ಎರಡನೆಯದು ಸಾಮಾನ್ಯವಾಗಿ ಯಾರೂ ಹೇಳಿಕೊಡುವುದಿಲ್ಲ. ಮಾತಿಗೆ ಒಂದು ದಾರಿ, ಸಂಗೀತಕ್ಕೆ ಒಂದು ದಾರಿ ಮಾಡಿ. ಕಂಪ್ಯೂಟರ್‌ನಲ್ಲೇ ಇರುವ ಸೌಂಡ್ ಕಾರ್ಡ್ ಸ್ಕ್ರೀನ್ ರೀಡರ್‌ಗೆ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸಲು ಹೊರಗಿನಿಂದ ಯುಎಸ್‌ಬಿಗೆ ಸಿಕ್ಕಿಸುವ ಆಡಿಯೋ ಇಂಟರ್‌ಫೇಸ್ ಸಂಗೀತಕ್ಕೆ. ಯಾಕೆ ಅಂದರೆ ವಿಂಡೋಸ್‌ನಲ್ಲಿ ರೆಕಾರ್ಡಿಂಗ್‌ಗೆ ಬಳಸುವ ಆಸಿಯೋ ಡ್ರೈವರ್ ಕೆಲವು ಇಂಟರ್‌ಫೇಸ್‌ಗಳಲ್ಲಿ ಇಡೀ ಯಂತ್ರವನ್ನು ತನ್ನ ಕೈಗೇ ತೆಗೆದುಕೊಂಡುಬಿಡುತ್ತದೆ. ಬೇರೆ ಯಾರಿಗೂ ಜಾಗವಿಲ್ಲ. ಸ್ಕ್ರೀನ್ ರೀಡರ್ ಅದೇ ಯಂತ್ರದಲ್ಲಿ ಮಾತಾಡುತ್ತಿದ್ದರೆ ಅರ್ಧ ವಾಕ್ಯದಲ್ಲೇ ಬಾಯಿ ಕಟ್ಟುತ್ತದೆ. ಅಥವಾ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಅನ್ನುವ ಲೆಕ್ಕದಲ್ಲಿ ಪ್ರಾಜೆಕ್ಟ್ 44,100 ಹರ್ಟ್ಸ್‌ನಲ್ಲಿದ್ದು ವಿಂಡೋಸ್ 48,000ದಲ್ಲಿದ್ದರೂ ಹೀಗೆ ಆಗುವುದುಂಟು. ಕಂಪ್ಯೂಟರ್ ಕೆಟ್ಟಿತು ಅಂತ ನಾನು ಎಷ್ಟು ಸಲ ಪವರ್ ಬಟನ್ ಒತ್ತಿ ಆರಿಸಿದ್ದೇನೋ ಲೆಕ್ಕವಿಲ್ಲ. ಅದು ಕೆಟ್ಟಿರಲಿಲ್ಲ, ಪಾಪ. ಮಾತಾಡುತ್ತಲೇ ಇತ್ತು, ಕೇಳಿಸುತ್ತಿರಲಿಲ್ಲ ಅಷ್ಟೇ.

ಎರಡು ದಾರಿಯಾದ ಮೇಲೆ ಹೇಗೆ ಕೇಳುವುದು? ಕೆಲವರು ಚಿಕ್ಕ ಮಿಕ್ಸರ್‌ನಲ್ಲಿ ಎರಡನ್ನೂ ಸೇರಿಸಿ ಒಂದೇ ಹೆಡ್‌ಫೋನ್‌ಗೆ ತರುತ್ತಾರೆ. ಸ್ಕ್ರೀನ್ ರೀಡರ್‌ಗೆ ಬೇರೆ ಗುಂಡಿ, ಹಾಡಿಗೆ ಬೇರೆ ಗುಂಡಿ. ನಾನು ಬಡವರ ದಾರಿ ಹಿಡಿದೆ. ಒಂದು ಕಿವಿಯೊಳಗೆ ಪುಟ್ಟ ಇಯರ್‌ಫೋನ್, ಅದರ ಮೇಲೆ ದೊಡ್ಡ ಹೆಡ್‌ಫೋನ್. ಚಿಕ್ಕದರಲ್ಲಿ ಮಾತು, ದೊಡ್ಡದರಲ್ಲಿ ಹಾಡು. ಎಲ್ಲ ಟ್ರ್ಯಾಕ್‌ಗಳ ಸದ್ದನ್ನು ಒಟ್ಟಿಗೆ ಹೊಂದಿಸುವ ಮಿಕ್ಸಿಂಗ್ ಮಾಡುವಾಗ ಚಿಕ್ಕದನ್ನು ತೆಗೆದುಬಿಡಬೇಕು. ಇಲ್ಲದಿದ್ದರೆ ಒಂದು ಕಡೆ ಸದ್ದು ಕಡಿಮೆ ಕೇಳಿ, ಎಲ್ಲ ವಾದ್ಯವನ್ನೂ ಆ ಕಡೆಗೇ ತಳ್ಳಿಬಿಡುತ್ತೀರಿ. ಹೇಗೆ ಗೊತ್ತು ಅಂತ ಕೇಳಬೇಡಿ.

ಮೂರನೆಯದು, ಮಾತು ನಿಲ್ಲಿಸುವುದನ್ನು ಕಲಿಯಿರಿ. ಎನ್‌ವಿಡಿಎ ಆಜ್ಞೆಗಳಿಗೆಂದೇ ಇಟ್ಟಿರುವ ಎನ್‌ವಿಡಿಎ ಕೀ ಜೊತೆ ಎಸ್ ಒತ್ತಿದರೆ ಮಾತಿನ ಸ್ಥಿತಿ ಬದಲಾಗುತ್ತದೆ. ಪೂರ್ತಿ ಆಫ್ ಕೂಡ ಮಾಡಬಹುದು. ಇನ್ನೊಂದು, ಆಡಿಯೋ ಡಕಿಂಗ್ ಅಂತ ಇದೆ. ಸ್ಕ್ರೀನ್ ರೀಡರ್ ಬಾಯಿ ತೆರೆದ ತಕ್ಷಣ ಉಳಿದ ಸದ್ದನ್ನೆಲ್ಲ ಕುಗ್ಗಿಸುತ್ತದೆ. ಪುಸ್ತಕ ಕೇಳುವಾಗ ಒಳ್ಳೆಯದು. ಮಿಕ್ಸ್ ಮಾಡುವಾಗ ಆನ್ ಆಗಿದ್ದರೆ ಹಾಡು ತಾನಾಗಿಯೇ ಏರಿ ಇಳಿಯುತ್ತದೆ. ನೀವು ಅದನ್ನು ಸರಿಮಾಡುತ್ತಾ ಕೂರುತ್ತೀರಿ, ಅಲ್ಲಿ ಸರಿಮಾಡುವುದಕ್ಕೆ ಏನೂ ಇಲ್ಲ. ಎನ್‌ವಿಡಿಎಯಲ್ಲಿ ಒಂದೊಂದು ಸಾಫ್ಟ್‌ವೇರ್‌ಗೂ ಬೇರೆ ಪ್ರೊಫೈಲ್ ಇಡಬಹುದು. ನಾನು ರೀಪರ್ ತೆರೆದರೆ ಡಕಿಂಗ್ ಆಫ್, ವೇಗ ಜಾಸ್ತಿ, ಧ್ವನಿ ಇಂಗ್ಲಿಷ್. ಹೊರಗೆ ಬಂದರೆ ಮತ್ತೆ ಕನ್ನಡ. ಟ್ರ್ಯಾಕ್ ಹೆಸರನ್ನು ಕನ್ನಡದಲ್ಲಿ ಬರೆಯುವ ಆಸೆ ನನಗೂ ಇತ್ತು. ಇಂಗ್ಲಿಷ್ ಧ್ವನಿಗೆ ಕನ್ನಡ ಅಕ್ಷರ ಕೊಟ್ಟರೆ ಅದು ತಡವರಿಸುವುದನ್ನು ಕೇಳಿ ಆಸೆ ಬಿಟ್ಟೆ.

ಪರದೆಯ ಅಕ್ಷರಗಳನ್ನು ಬೆರಳಿಗೆ ತಾಗುವ ಚುಕ್ಕಿಗಳಾಗಿ ಎಬ್ಬಿಸುವ ಬ್ರೈಲ್ ಡಿಸ್‌ಪ್ಲೇ ಇರುವವರು ಪುಣ್ಯವಂತರು. ಮಾತಿನ ಕೆಲಸ ಬೆರಳಿಗೆ ಹೋಗುತ್ತದೆ, ಕಿವಿ ಪೂರ್ತಿ ಸಂಗೀತಕ್ಕೆ ಸಿಗುತ್ತದೆ. ಹಾಡುತ್ತಲೇ ಸಾಹಿತ್ಯ ಓದಬಹುದು. ಆದರೆ ಮುಂದಿನ ಸಾಲಿಗೆ ಹೋಗುವ ಬಟನ್ 'ಟಕ್' ಅನ್ನುತ್ತದೆ, ಮೈಕಿನಿಂದ ದೂರ ಇಟ್ಟುಕೊಳ್ಳಿ. ಲೂಯಿ ಬ್ರೈಲ್ ಸ್ವತಃ ಆರ್ಗನ್ ನುಡಿಸುತ್ತಿದ್ದರು. 1829ರಲ್ಲಿ ತಮ್ಮ ಚುಕ್ಕಿ ಲಿಪಿಯನ್ನು ಪ್ರಕಟಿಸಿದಾಗ ಅದರಲ್ಲಿ ಮಾತಿನ ಜೊತೆಗೇ ಸಂಗೀತ ಬರೆಯುವ ಕ್ರಮವೂ ಇತ್ತು. ಓದು ಮತ್ತು ಸಂಗೀತ ನಮ್ಮವರಲ್ಲಿ ಮೊದಲಿನಿಂದ ಒಟ್ಟಿಗೇ ನಡೆದಿವೆ. ಕಣ್ಣು ಕಾಣದ ಅಮೆರಿಕದ ಗಾಯಕ ಸ್ಟೀವಿ ವಂಡರ್ ಕಥೆಯೂ ಹಾಗೇ. 1976ರಲ್ಲಿ ಅಮೆರಿಕದ ಸಂಶೋಧಕ ರೇ ಕರ್ಜ್‌ವೈಲ್ ಪುಸ್ತಕ ಓದಿ ಹೇಳುವ ಯಂತ್ರ ಮಾಡಿದರು. ಮೊದಲ ಗಿರಾಕಿಗಳಲ್ಲಿ ಸ್ಟೀವಿ ಒಬ್ಬರು. ಅಲ್ಲಿ ಬೆಳೆದ ಸ್ನೇಹದಿಂದಲೇ ಕರ್ಜ್‌ವೈಲ್ ವಾದ್ಯ ತಯಾರಿಕೆಗೆ ಇಳಿದು, 1984ರಲ್ಲಿ ಕೆ250 ಅನ್ನುವ ಕೀಬೋರ್ಡ್ ತಂದರು. ಓದುವ ಯಂತ್ರ ಕೊಳ್ಳಲು ಹೋದವರು ನುಡಿಸುವ ಯಂತ್ರವೂ ಬೇಕು ಅಂದರು, ನೋಡಿ.

ಹಾಡಿದ್ದು ಹೆಡ್‌ಫೋನ್‌ನಲ್ಲಿ ಕೇಳಲು ಆಗುವ ತಡದ ವಿಷಯವನ್ನು ಬೇಗ ಹೇಳಿಬಿಡುತ್ತೇನೆ. ಕಂಪ್ಯೂಟರ್ ಧ್ವನಿಯನ್ನು ತುತ್ತು ತುತ್ತಾಗಿ ತಿನ್ನುತ್ತದೆ. ಆ ತುತ್ತೇ ಬಫರ್. 48,000 ಹರ್ಟ್ಸ್‌ನಲ್ಲಿ 1024 ಅಳತೆಗಳ ಬಫರ್ ಇಟ್ಟರೆ ಒಂದು ತುತ್ತಿಗೇ ಸುಮಾರು 21 ಮಿಲಿಸೆಕೆಂಡ್. ಒಳಗೆ ಹೋಗಲು ಒಂದು, ಹೊರಗೆ ಬರಲು ಒಂದು ಅಂದರೆ 40 ದಾಟುತ್ತದೆ. ನಿಮ್ಮ ಧ್ವನಿ ನಿಮಗೇ ತಡವಾಗಿ ಕೇಳಿ ತಾಳ ತಪ್ಪುತ್ತದೆ. 128 ಇಟ್ಟರೆ ತುತ್ತಿಗೆ 2.7 ಮಿಲಿಸೆಕೆಂಡ್. ಗಾಳಿಯಲ್ಲಿ ಸದ್ದು ಒಂದು ಮೀಟರ್‌ಗಿಂತ ಸ್ವಲ್ಪ ಕಡಿಮೆ ದೂರ ಹೋಗುವಷ್ಟು ಹೊತ್ತು. ಅದು ತೊಂದರೆ ಮಾಡುವುದಿಲ್ಲ. ಹಾಡುವಾಗ 128, ಮಿಕ್ಸ್ ಮಾಡುವಾಗ 1024. ಅಷ್ಟು ಸಾಕು.

ಧ್ವನಿಯ ಮಟ್ಟ ನೋಡುವುದು ಹೇಗೆ? ಡಿಜಿಟಲ್‌ನಲ್ಲಿ 0 ಡೆಸಿಬೆಲ್ ಅಂದರೆ ಚಾವಣಿ. ಅದನ್ನು ಮೀರಹೊರಟ ಅಲೆಯ ತಲೆ ಚಪ್ಪಟೆಯಾಗುತ್ತದೆ, ಆಮೇಲೆ ಏನು ಮಾಡಿದರೂ ಅದು ಪೂರ್ತಿ ಸರಿಹೋಗದು. ಕಣ್ಣಿದ್ದವರು ಮೀಟರ್ ಕೆಂಪಾಗುವುದನ್ನು ನೋಡುತ್ತಾರೆ. ಒಸಾರದಲ್ಲಿ ಪೀಕ್ ವಾಚರ್ ಇದೆ. ಅತಿ ಜೋರಾದ ಮಟ್ಟ ಎಷ್ಟಕ್ಕೆ ಹೋಯಿತು ಅಂತ ಕೇಳಬಹುದು. ನಾವು ಇಟ್ಟ ಗೆರೆ ದಾಟಿದರೆ ಅದಾಗಿಯೇ ಹೇಳುವಂತೆಯೂ ಮಾಡಬಹುದು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಮಟ್ಟ ಕಡಿಮೆ ಇಟ್ಟರೂ ಹೆದರಿಕೆ ಬೇಡ. ಹಾಡಿನ ಅತಿ ಜೋರಾದ ಜಾಗ ಮೈನಸ್ 12ರ ಆಸುಪಾಸಿನಲ್ಲಿದ್ದರೆ ಆರಾಮ. ಹಾಡಿನಲ್ಲಿ ಎಲ್ಲಿ ಜಾಸ್ತಿ ಕೂಗುತ್ತೀರೋ ಅದನ್ನೇ ಮೊದಲು ಹಾಡಿ ಮಟ್ಟ ಹೊಂದಿಸಿ. ಎಲ್ಲರೂ ಮೆಲ್ಲಗೆ 'ಹಲೋ ಹಲೋ' ಅಂದು ಹೊಂದಿಸುತ್ತಾರೆ, ಆಮೇಲೆ ತಾರ ಸ್ಥಾಯಿಗೆ ಹೋದಾಗ ಒಡೆಯುತ್ತದೆ.

ಕತ್ತರಿಸುವ ಕೆಲಸ ನನಗೆ ಬಹಳ ಇಷ್ಟ. ಹಾಡಿನ ನಡುವೆ ಒಂದು ಕೆಮ್ಮು ಬಂದಿದೆ ಅನ್ನಿ. ಕಣ್ಣಿದ್ದವರಿಗೆ ಅಲ್ಲೊಂದು ಗುಡ್ಡೆ ಕಾಣುತ್ತದೆ. ನಾನು ಪ್ಲೇ ಮಾಡುತ್ತಾ ಕೆಮ್ಮು ಕೇಳಿದ ಕೂಡಲೇ ಎಂ ಒತ್ತುತ್ತೇನೆ. ಅಲ್ಲೊಂದು ಮಾರ್ಕರ್ ಬೀಳುತ್ತದೆ. ಕಿವಿಗೆ ಕೇಳಿ ಬೆರಳು ಒತ್ತುವಷ್ಟರಲ್ಲಿ ಹೊತ್ತು ಹೋಗಿರುತ್ತದೆ, ಹಾಗಾಗಿ ಮಾರ್ಕರ್ ಯಾವಾಗಲೂ ಕೆಮ್ಮಿನ ಆಚೆ ಇರುತ್ತದೆ. ಅಲ್ಲಿಗೆ ಹೋಗಿ ಎಡ ಬಾಣದಿಂದ ಹಿಂದೆ ಸರಿಯಬೇಕು.

ಇಲ್ಲಿ ಒಂದು ತಮಾಷೆ ಇದೆ. ಮೊದಮೊದಲು ನನ್ನ ಬಾಣ ಒಂದು ದಿನ ಗಜ ಗಜ ದೂರ ಹಾರುತ್ತಿತ್ತು, ಇನ್ನೊಂದು ದಿನ ಇರುವೆಯ ಹಾಗೆ ತೆವಳುತ್ತಿತ್ತು. ಕಾರಣ ಹೊಳೆಯಲೇ ಇಲ್ಲ. ಕೊನೆಗೆ ಗೊತ್ತಾಯಿತು, ಬಾಣ ಸರಿಯುವುದು ಪರದೆಯ ಪಿಕ್ಸೆಲ್ ಲೆಕ್ಕದಲ್ಲಿ. ಝೂಮ್ ಎಷ್ಟಿದೆಯೋ ಅದರ ಮೇಲೆ ಹೆಜ್ಜೆಯ ಉದ್ದ. ಜೀವನದಲ್ಲಿ ಪರದೆ ನೋಡದ ನಾನು ಕೂತು ಝೂಮ್ ಮಾಡುತ್ತೇನೆ! ಒಸಾರ ಸೆಕೆಂಡಿಗೆ ಇಷ್ಟು ಪಿಕ್ಸೆಲ್ ಅಂತ ಹೇಳುತ್ತದೆ. ಹತ್ತಿರಕ್ಕೆ ಝೂಮ್ ಮಾಡಿದಷ್ಟೂ ಹೆಜ್ಜೆ ಚಿಕ್ಕದು. ನೀವು ಅದನ್ನು ಚಿತ್ರ ಅಂದುಕೊಳ್ಳಬೇಡಿ, ಕತ್ತರಿಯ ಮೊನೆ ಅಂದುಕೊಳ್ಳಿ.

ತುಂಡರಿಸುವ ಕೀ ಎಸ್. ಕೆಮ್ಮಿನ ಮುಂಚೆ ಒಂದು ಸಲ ಎಸ್, ಆಮೇಲೆ ಒಂದು ಸಲ ಎಸ್. ನಡುವಿನ ತುಂಡು ಡಿಲೀಟ್. ಅಷ್ಟಕ್ಕೇ ಬಿಟ್ಟರೆ ಅಲ್ಲಿ ಒಂದು ಗುಂಡಿ ಬಿದ್ದ ಹಾಗೆ ಕೇಳುತ್ತದೆ. ಕೋಣೆಯ ಮೌನಕ್ಕೂ ಒಂದು ಸದ್ದಿದೆ. ಅದಕ್ಕೇ ಹಾಡು ಶುರುವಾಗುವ ಮೊದಲು ನಾನು ಹತ್ತು ಸೆಕೆಂಡು ಸುಮ್ಮನೆ ನಿಂತು ಆ ಮೌನವನ್ನೂ ರೆಕಾರ್ಡ್ ಮಾಡಿಕೊಂಡಿರುತ್ತೇನೆ. ಅದರ ತುಂಡನ್ನು ಗುಂಡಿಗೆ ತುಂಬಿ, ಎರಡೂ ಅಂಚಿಗೆ ಸದ್ದು ಮೆಲ್ಲಗೆ ಏರಿಳಿಯುವ ಸಣ್ಣ ಫೇಡ್ ಕೊಟ್ಟರೆ ಬೆಸುಗೆ ಮುಗಿಯಿತು. ಉಸಿರನ್ನು ಮಾತ್ರ ಕತ್ತರಿಸಬೇಡಿ. ಉಸಿರಿಲ್ಲದ ಹಾಡು ಹಾಡುತ್ತಿರುವುದು ಮನುಷ್ಯ ಅನ್ನಿಸುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರು ತುಂಬಾ ಜನ ಇದ್ದಾರೆ.

ಇನ್ನು ಪ್ಲಗಿನ್, ಅಂದರೆ ರೀಪರ್ ಒಳಗೆ ಸೇರಿಸಿಕೊಳ್ಳುವ ವಾದ್ಯ, ಧ್ವನಿ ತಿದ್ದುವ ಯಂತ್ರಗಳಂಥ ಪುಟ್ಟ ಸಾಫ್ಟ್‌ವೇರ್‌ಗಳು. ಆಗ ಹೇಳಿದ ಗೋಡೆಗಳು ಇಲ್ಲೇ ಇರುವುದು. ಆದರೆ ಗೋಡೆಗೆ ಹಿಂಬಾಗಿಲು ಇದೆ. ಪ್ಲಗಿನ್ ತನ್ನ ತಿರುಗುಣಿಗಳನ್ನು ನಮಗೆ ಹೇಳದಿದ್ದರೂ ಅದನ್ನು ಹೊತ್ತಿರುವ ರೀಪರ್‌ಗೆ ಹೇಳಲೇಬೇಕು. ಇಲ್ಲದಿದ್ದರೆ ಹಾಡಿನ ನಡುವೆ ತಿರುಗುಣಿಗಳನ್ನು ತಾನಾಗಿಯೇ ತಿರುಗಿಸುವ ಆಟೊಮೇಷನ್ ನಡೆಯುವುದಿಲ್ಲ. ಆ ಪಟ್ಟಿಯನ್ನು ಒಸಾರ ರೀಪರ್‌ನಿಂದ ಇಸಿದುಕೊಂಡು ನಮಗೆ ಓದುತ್ತದೆ: ಹೆಸರು, ಈಗ ಎಷ್ಟರಲ್ಲಿದೆ, ಬದಲಿಸಲು ಸ್ಲೈಡರ್. ಕಣ್ಣಿಗೆ ಮಾತ್ರ ಅಂತ ಮಾಡಿದ ಎಷ್ಟೋ ಪ್ಲಗಿನ್‌ಗಳನ್ನು ನಾನು ಹೀಗೇ ಬಳಸುತ್ತೇನೆ. ಎಲ್ಲವೂ ಚೆನ್ನಾಗಿ ಹೇಳುವುದಿಲ್ಲ. ಒಂದರಲ್ಲಿ ಹೆಸರುಗಳೆಲ್ಲ 'ಪ್ಯಾರಾಮೀಟರ್ ಒನ್, ಪ್ಯಾರಾಮೀಟರ್ ಟೂ' ಅಂತ ಎರಡು ನೂರರವರೆಗೆ ಇತ್ತು. ಅದನ್ನು ತೆಗೆದುಹಾಕಿದೆ. ರೀಪರ್ ಜೊತೆಗೇ ಬರುವ, ಮಂದ್ರ ತಾರ ಹೊಂದಿಸುವ ಈಕ್ಯೂ, ಜೋರು ಮೆಲುವಿನ ಅಂತರ ತಗ್ಗಿಸುವ ಕಂಪ್ರೆಸರ್‌ಗಳಲ್ಲೇ ಒಂದು ಇಡೀ ಹಾಡು ಮುಗಿಸಬಹುದು. ಕಂಪ್ಯೂಟರ್‌ನಲ್ಲೇ ನಾದ ಹುಟ್ಟಿಸುವ ಸಿಂಥ್ ಬೇಕಿದ್ದರೆ ಸರ್ಜ್ ಎಕ್ಸ್‌ಟಿ ಉಚಿತ, ಸ್ಕ್ರೀನ್ ರೀಡರ್ ಜೊತೆಗೂ ಚೆನ್ನಾಗಿ ಹೊಂದುತ್ತದೆ. ಪ್ಲಗಿನ್ ಬರೆಯುವ ಬಹಳ ಜನ ಬಳಸುವ ಜ್ಯೂಸ್ ಅನ್ನುವ ಚೌಕಟ್ಟಿಗೆ 2021ರಲ್ಲಿ ಸ್ಕ್ರೀನ್ ರೀಡರ್ ಬೆಂಬಲ ಸೇರಿತು. ಹಾಗಾಗಿ ಹೊಸ ಪ್ಲಗಿನ್‌ಗಳಲ್ಲಿ ಗೋಡೆ ಸ್ವಲ್ಪ ಕಡಿಮೆ.

ಕೊಳ್ಳುವ ಮೊದಲು ಡೆಮೊ ಹಾಕಿ ನೋಡಿ. ಪ್ಲಗಿನ್ ಮಾತ್ರ ಅಲ್ಲ, ಅದರ ಲೈಸೆನ್ಸ್ ಹಾಕುವ ಕಿಟಕಿಯನ್ನೂ ನೋಡಿ. ನಾನು ಒಮ್ಮೆ ದುಡ್ಡು ಕೊಟ್ಟು ಕೊಂಡ ವಾದ್ಯ ಚೆನ್ನಾಗಿ ಮಾತಾಡುತ್ತಿತ್ತು. ಅದರ ಬೀಗ ತೆಗೆಯುವ ಸಾಫ್ಟ್‌ವೇರ್ ಮಾತ್ರ ಮೂಗ. ಕಣ್ಣಿರುವ ಗೆಳೆಯ ಬರುವವರೆಗೆ ಹತ್ತು ದಿನ ಕಾದೆ. ಅಪ್‌ಡೇಟ್ ಬಂದಾಗಲೂ ಹುಷಾರು. ಹಾಡಿನ ನಡುವೆ ಅಪ್‌ಡೇಟ್ ಮಾಡಬೇಡಿ, ಹಳೆಯ ಇನ್‌ಸ್ಟಾಲರ್ ಎಸೆಯಬೇಡಿ. ನಿನ್ನೆ ಮಾತಾಡಿದ ಬಟನ್ ಇವತ್ತು ಸುಮ್ಮನಿರಬಹುದು.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು.

ಒಬ್ಬ ಹುಡುಗಿ, 'ಮೊದಲ ಹಾಡು ಮುಗಿಸಲು ಎಷ್ಟು ದಿನ ಬೇಕಾಯಿತು?' ಅಂದಳು. ಮೂರು ತಿಂಗಳು. ಎರಡನೆಯದಕ್ಕೆ ಎರಡು ವಾರ. ಎರಡನೆಯದು ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಆದರೆ ಅದು ಹಾಡಿನ ತಪ್ಪು, ಸಾಫ್ಟ್‌ವೇರ್‌ದಲ್ಲ.

ಇನ್ನೊಬ್ಬರು ಕಣ್ಣು ಕಾಣುವ ಶಿಕ್ಷಕರು. 'ನನ್ನ ವಿದ್ಯಾರ್ಥಿಗೆ ಹೇಗೆ ಕಲಿಸಲಿ? ನನಗೆ ಮೌಸ್ ಬಿಟ್ಟು ಏನೂ ಬರುವುದಿಲ್ಲ' ಅಂದರು. ನಾನು ಹೇಳಿದೆ: ಇವತ್ತು ರಾತ್ರಿ ಮಾನಿಟರ್ ಆರಿಸಿ, ಮೌಸನ್ನು ಪಕ್ಕಕ್ಕಿಟ್ಟು, ಎನ್‌ವಿಡಿಎ ಆನ್ ಮಾಡಿ ಒಂದೇ ಒಂದು ಸಾಲು ರೆಕಾರ್ಡ್ ಮಾಡಿ. ಟ್ರ್ಯಾಕ್ ಮಾಡಿ, ಆರ್ಮ್ ಮಾಡಿ, ಹಾಡಿ, ಕೇಳಿ, ಸೇವ್ ಮಾಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಮೊದಲ ಪಾಠ. ಮತ್ತೆ, ವಿದ್ಯಾರ್ಥಿ ತಡವರಿಸುವಾಗ 'ಕೊಡು, ನಾನು ಮಾಡುತ್ತೇನೆ' ಅಂತ ಕೀಬೋರ್ಡ್ ಕಸಿದುಕೊಳ್ಳಬೇಡಿ. ಬಾಯಲ್ಲಿ ಹೇಳಿ, ಕೈಯಲ್ಲಿ ಅವನೇ ಮಾಡಲಿ.

ಅವರು ರಾತ್ರಿಯವರೆಗೆ ಕಾಯಲಿಲ್ಲ. ಅಲ್ಲೇ ಒಂದು ಲ್ಯಾಪ್‌ಟಾಪ್ ಮುಚ್ಚಳವನ್ನು ಅರ್ಧಕ್ಕೆ ಮಡಿಚಿ ಕೂತರು. ಹಾಡಿದ್ದೇನೋ ಚೆನ್ನಾಗಿತ್ತು. ಟ್ರ್ಯಾಕ್ ಆರ್ಮ್ ಆಗಿರಲಿಲ್ಲ.